ಹರಳು ಬೆಳೆಸಿದವರ ಹೆಸರೆಲ್ಲಿ?

ಎಂಜಿನಿಯರಿಂಗ್ ಓದುತ್ತಿರುವ ಓದುಗರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಅರೆವಾಹಕದ ಹರಳು ಬೆಳೆಸುವುದರ ಬಗ್ಗೆ ಪುಟಗಟ್ಟಲೆ ಬರೆದಿರಿ. ಕ್ವಾಂಟಂ ಕಂಪ್ಯೂಟರ್ ಎಲ್ಲಿಗೆ ಬಂತು, ಯಾರ ಹತ್ತಿರ ಎಷ್ಟು ಕ್ಯೂಬಿಟ್ ಇದೆ, ಅದನ್ನು ಹೇಳಿ. ಕುಲುಮೆಯ ಕತೆ ಯಾರಿಗೆ ಬೇಕು?"

ನೇರವಾಗಿ ಕೇಳಿದ್ದೀರಿ, ಸಂತೋಷ. ಕ್ಯೂಬಿಟ್ ಅಂದರೆ ಕ್ವಾಂಟಂ ಕಂಪ್ಯೂಟರಿನಲ್ಲಿ ಮಾಹಿತಿಯ ಮೂಲ ಘಟಕ; ಅದರ ಲೆಕ್ಕಕ್ಕೂ ಬೆಲೆ ಇದೆ. ಅಂಥ ಕಂಪ್ಯೂಟರಿನಿಂದ ದೊಡ್ಡ ಸಂಖ್ಯೆಗಳನ್ನು ಅಪವರ್ತನಗಳಾಗಿ ಒಡೆಯುವ ದಾರಿಯನ್ನು 1994ರಲ್ಲಿ ಗಣಿತಜ್ಞ ಪೀಟರ್ ಶೋರ್ ತೋರಿಸಿದ ಮೇಲೇ ಈ ಕಡೆ ಜನರ ಗಮನ ಜಾಸ್ತಿಯಾಗಿದ್ದು. ಆದರೆ ಕುಲುಮೆಯ ಕತೆ ಯಾರಿಗೆ ಬೇಕು ಅಂದಿರಲ್ಲ, ಅದನ್ನು ಸುಮ್ನೆ ಬಿಡಲಾರೆ.

ಎಲೆಕ್ಟ್ರಾನುಗಳ ಗುಂಪು, ಒಂದು ಎಲೆಕ್ಟ್ರಾನಿನ ವಿದ್ಯುದಂಶದ ಮೂರನೇ ಒಂದು ಪಾಲನ್ನಷ್ಟೇ ಹೊತ್ತ ಕಣಗಳು ತನ್ನಲ್ಲಿರುವಂತೆ ವರ್ತಿಸುವ ವಿಚಿತ್ರ ಬೆಳಕಿಗೆ ಬಂದದ್ದು 1982ರಲ್ಲಿ. ಆ ಪ್ರಬಂಧದಲ್ಲಿ ಮೂರು ಹೆಸರಿವೆ: ಡೇನಿಯಲ್ ತ್ಸುಯಿ, ಹಾರ್ಸ್ಟ್ ಸ್ಟೋರ್ಮರ್, ಆರ್ಥರ್ ಗೊಸ್ಸಾರ್ಡ್. ಹರಳು ಬೆಳೆಸಿದವರು ಗೊಸ್ಸಾರ್ಡ್. 1998ರ ನೊಬೆಲ್ ಮೊದಲ ಇಬ್ಬರಿಗೆ ಬಂತು, ಜೊತೆಗೆ ಅದನ್ನು ವಿವರಿಸಿದ ರಾಬರ್ಟ್ ಲಾಫ್ಲಿನ್‌ಗೆ. ಮೂವರೂ ಯೋಗ್ಯರೇ. ಆದರೂ ಆ ಪಟ್ಟಿ ನೋಡಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಹರಳು ಕೊಳಕಾಗಿದ್ದರೆ ಅಲ್ಲಿ ಕಾಣಲು ಏನಿರುತ್ತಿತ್ತು?

ಆ ಕೆಲಸ ಹೇಗಿರುತ್ತದೆ ಗೊತ್ತಾ? ಉಕ್ಕಿನ ಕೋಣೆಯಿಂದ ಗಾಳಿಯನ್ನೆಲ್ಲ ಹೀರಿ ತೆಗೆಯುತ್ತಾರೆ. ಒಳಗೆ ಸಣ್ಣ ಕುಲುಮೆಗಳಲ್ಲಿ ಗ್ಯಾಲಿಯಂ, ಅಲ್ಯೂಮಿನಿಯಂ, ಆರ್ಸೆನಿಕ್ ಕಾಯುತ್ತಿರುತ್ತವೆ. ಮುಚ್ಚಳ ತೆರೆದರೆ ಬಿಸಿ ಬಿಲ್ಲೆಯ ಮೇಲೆ ಪರಮಾಣುಗಳು ಬಂದು ಕೂರುತ್ತವೆ, ಹೆಚ್ಚುಕಡಿಮೆ ಸೆಕೆಂಡಿಗೆ ಒಂದು ಪದರ. ಎಲೆಕ್ಟ್ರಾನ್ ಕೊಡುವ ಬೆರಕೆ ಪರಮಾಣುಗಳನ್ನು ಪಕ್ಕದ ಪದರದಲ್ಲಿ, ದೂರದಲ್ಲಿ ಇಡುತ್ತಾರೆ. ಎಲೆಕ್ಟ್ರಾನುಗಳು ಈಚೆ ಪದರಕ್ಕೆ ಇಳಿದು, ಆ ಬೆರಕೆಗೆ ಡಿಕ್ಕಿ ಹೊಡೆಯದೆ ಓಡುತ್ತವೆ. ರಿಪೇರಿಗೆಂದು ಒಮ್ಮೆ ಕೋಣೆ ತೆರೆದರೆ, ಮತ್ತೆ ಒಳ್ಳೆಯ ಹರಳು ಸಿಗಲು ವಾರಗಟ್ಟಲೆ ಕಾಯಬೇಕು.

ಇನ್ನು ನಿಮ್ಮ ಕ್ಯೂಬಿಟ್‌ಗೇ ಬರೋಣ. ಕ್ವಾಂಟಂ ಡಾಟ್ ಎಂಬ ಅತಿ ಪುಟ್ಟ ಜಾಗದಲ್ಲಿ ಕೂಡಿಹಾಕಿದ ಒಂದೇ ಎಲೆಕ್ಟ್ರಾನಿನ ಸ್ಪಿನ್ನನ್ನು, ಅಂದರೆ ಅದು ಪುಟ್ಟ ಅಯಸ್ಕಾಂತದಂತೆ ವರ್ತಿಸುವ ಗುಣವನ್ನು, ಕ್ಯೂಬಿಟ್ ಮಾಡಬಹುದೆಂದು 1998ರಲ್ಲಿ ಡೇನಿಯಲ್ ಲಾಸ್ ಮತ್ತು ಡೇವಿಡ್ ಡಿವಿನ್ಸೆಂಝೊ ಹೇಳಿದರು. ಮೊದಮೊದಲು ಗ್ಯಾಲಿಯಂ ಆರ್ಸೆನೈಡ್‌ನಲ್ಲಿ ಮಾಡಿದರು. ಅಲ್ಲಿನ ಪ್ರತಿಯೊಂದು ನ್ಯೂಕ್ಲಿಯಸ್ಸೂ ಪುಟ್ಟ ಅಯಸ್ಕಾಂತ, ಎಲೆಕ್ಟ್ರಾನನ್ನು ನೆಮ್ಮದಿಯಾಗಿ ಇರಗೊಡುವುದಿಲ್ಲ. ಸಿಲಿಕಾನ್‌ನಲ್ಲಿ ಈ ಕಾಟ ಕೊಡುವುದು ಸಿಲಿಕಾನ್-29 ಎಂಬ ಬಗೆಯ ಪರಮಾಣು ಮಾತ್ರ, ಅದೂ ಶೇಕಡಾ 4.7ರಷ್ಟು. ಅದನ್ನು ಹೆಕ್ಕಿ ತೆಗೆದು, ಕಾಟ ಕೊಡದ ಸಿಲಿಕಾನ್-28 ಉಳಿಸಿಕೊಂಡರು. 2022ರಲ್ಲಿ ಮೂರು ತಂಡಗಳು ಎರಡು ಕ್ಯೂಬಿಟ್‌ಗಳ ನಡುವಿನ ಲೆಕ್ಕವನ್ನು ಶೇಕಡಾ 99ಕ್ಕಿಂತ ಹೆಚ್ಚು ನಿಖರವಾಗಿ ಮಾಡಿ ತೋರಿಸಿದವು. ಮೂವರ ಕೈಯಲ್ಲೂ ಇದ್ದದ್ದು ಆ ಶುದ್ಧ ಸಿಲಿಕಾನೇ. ಸುದ್ದಿಯ ತಲೆಬರಹದಲ್ಲಿ ಆ ಮಾತು ಬರಲಿಲ್ಲ ಅಲ್ವಾ?

ನನ್ನ ಸಿಟ್ಟು ನಿಮ್ಮ ಮೇಲಲ್ಲ. ನಿಮಗೆ ಸಂಖ್ಯೆಯ ರುಚಿ ಹತ್ತಿಸಿದ್ದು ನಾವು ಪತ್ರಿಕೆಯವರೇ. ದುಡ್ಡು ಕೊಡುವವರೂ ಅಷ್ಟೇ, ಎರಡು ವರ್ಷದಲ್ಲಿ ಫಲಿತಾಂಶ ಕೇಳುತ್ತಾರೆ. ಬೇರೆಯವರ ಪ್ರಯೋಗಕ್ಕೆ ಹರಳು ಬೆಳೆಸಿಕೊಟ್ಟ ಯುವಕ ಯುವತಿಯರ ಹೆಸರು ಪ್ರಬಂಧದ ನಡುವೆಲ್ಲೋ ಸಿಕ್ಕಿಕೊಂಡಿರುತ್ತದೆ. ಕೆಲಸಕ್ಕೆ ಅರ್ಜಿ ಹಾಕಿದಾಗ ಎಷ್ಟು ಪ್ರಬಂಧಗಳಲ್ಲಿ ಅವರದೇ ಹೆಸರು ಮೊದಲಿಗೆ ಇದೆ ಎಂದೇ ಎಣಿಸುತ್ತಾರೆ.

ಮುಂದಿನ ಸಂಚಿಕೆಯಲ್ಲಿ ಜರ್ಮೇನಿಯಂ ಕ್ಯೂಬಿಟ್‌ಗಳ ಬಗ್ಗೆ ಲೇಖನ ಬರುತ್ತದೆ. ಎಷ್ಟು ಕ್ಯೂಬಿಟ್ ಎಂಬುದೂ ಅದರಲ್ಲಿರುತ್ತದೆ. ಆದರೆ ಹರಳು ಬೆಳೆಸಿದವರ ಹೆಸರು ಮೊದಲ ಪ್ಯಾರಾದಲ್ಲೇ ಇರಬೇಕು ಎಂದು ಲೇಖಕರಿಗೆ ಹೇಳಿಯಾಗಿದೆ.