ಹಳೆಯ ಬುಲೆಟ್ 350ರ ಕಾರ್ಬುರೇಟರ್‌ನಿಂದ ಪೆಟ್ರೋಲ್ ಸೋರುತ್ತಿದೆ, ಕಾರ್ಬುರೇಟರನ್ನೇ ಬದಲಿಸಬೇಕೇ?

ಮೊದಲು ಸೋರಿಕೆ ಎಲ್ಲಿಂದ ಎಂದು ನೋಡಿ. ಬೌಲ್ (ಪೆಟ್ರೋಲ್ ನಿಲ್ಲುವ ಕೆಳಗಿನ ಬಟ್ಟಲು) ಕೂಡುವ ಜಾಗದಲ್ಲಿ ಒಸರುತ್ತಿದ್ದರೆ ಗ್ಯಾಸ್ಕೆಟ್ ಬದಲಿಸಿದರೆ ಸಾಕು. ಓವರ್‌ಫ್ಲೋ ಪೈಪಿನಿಂದ ತೊಟ್ಟಿಕ್ಕುತ್ತಿದ್ದರೆ ತಪ್ಪು ಸಾಮಾನ್ಯವಾಗಿ ಫ್ಲೋಟ್ (ಬೌಲಿನಲ್ಲಿ ತೇಲುವ ಬುರುಡೆ) ಅಥವಾ ಅದು ಮೇಲೆತ್ತಿದಾಗ ಪೆಟ್ರೋಲ್ ದಾರಿ ಮುಚ್ಚುವ ನೀಡಲ್‌ನದು.

ಎಂಜಿನ್ ತಣಿದ ಮೇಲೆ ಪೆಟ್ರೋಲ್ ಕಾಕ್ ಮುಚ್ಚಿ ಬೌಲ್ ಬಿಚ್ಚಿ. ಹತ್ತಿರ ಬೆಂಕಿ, ಬೀಡಿ ಏನೂ ಬೇಡ. ಫ್ಲೋಟನ್ನು ಕಿವಿಯ ಬಳಿ ಅಲ್ಲಾಡಿಸಿ: ಒಳಗೆ ಪೆಟ್ರೋಲ್ ಕುಲುಕಿದರೆ ತೂತಾಗಿದೆ, ಬಿಸಾಡಿ. ನೀಡಲ್ ತುದಿಯಲ್ಲಿ ಉಂಗುರದಂತೆ ಸವೆದ ಗೆರೆ ಕಂಡರೆ ನೀಡಲ್ ಮತ್ತು ಅದು ಕೂರುವ ಸೀಟ್ ಎರಡನ್ನೂ ಜೋಡಿಯಾಗಿಯೇ ಬದಲಿಸಿ. ಹಳೆಯ ಸೀಟಿಗೆ ಹೊಸ ನೀಡಲ್ ಸರಿಯಾಗಿ ಕೂರುವುದಿಲ್ಲ. ಸೀಟಿನ ಕೆಳಗಿನ ವಾಷರ್ ಮರೆಯಬೇಡಿ. ಎಷ್ಟೋ ಸಲ ಟ್ಯಾಂಕಿನ ತುಕ್ಕಿನ ಒಂದು ಕಣವೇ ಕಾರಣ, ಹಾಗಾಗಿ ಟ್ಯಾಂಕನ್ನೂ ತೊಳೆಯಿರಿ.

ಉಕ್ಕಿದ ಪೆಟ್ರೋಲ್ ಎಂಜಿನ್ ಒಳಗೆ ಇಳಿದು ಎಂಜಿನ್ ಆಯಿಲ್ ಪೆಟ್ರೋಲ್ ವಾಸನೆ ಹೊಡೆದರೆ ಗಾಡಿ ಓಡಿಸದೆ ಆಯಿಲ್ ಬದಲಿಸಿ. ತೆಳುವಾದ ಆಯಿಲ್ ಬೇರಿಂಗ್ ತಿನ್ನುತ್ತದೆ.

ಸ್ಲೈಡ್ (ಆಕ್ಸಿಲರೇಟರ್ ತಿರುವಿದಾಗ ಮೇಲೇಳುವ ಭಾಗ) ಸವೆದು ಲೊಡಲೊಡ ಎಂದರೆ, ಅಥವಾ ಬಾಡಿಯ ತಿರುಪಿನ ಮರೆ (ಥ್ರೆಡ್) ಕಿತ್ತುಹೋಗಿದ್ದರೆ ಮಾತ್ರ ಹೊಸ ಮಿಕ್‌ಕಾರ್ಬ್ ವಿಎಂ24 ಕಾರ್ಬುರೇಟರ್ ಹಾಕಿ. ಸ್ಲೈಡ್‌ನ ಕತ್ತರಿಸಿದ ಬದಿ ಏರ್ ಫಿಲ್ಟರ್ ಕಡೆಗಿರಲಿ. ಏರ್ ಸ್ಕ್ರೂವನ್ನು (ಗಾಳಿಯ ಪ್ರಮಾಣ ಹೊಂದಿಸುವ ತಿರುಪು) ಮೆಲ್ಲಗೆ ಪೂರ್ತಿ ಬಿಗಿದು, 1½ ಸುತ್ತು ಸಡಿಲಿಸಿ, ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್ ಹೊಂದಿಸಿ.