ತಮ್ಮ, ಮೊದಲು ನೀರಿನ ದಾರಿ ನೋಡು

ತಮ್ಮ,

ನಿನ್ನ ಪತ್ರ ಬಂದಾಗ ನಾನು ರಾಯಚೂರಿನಲ್ಲಿ ಅವ್ವನ ಮನೆಯ ಹಿತ್ತಲಲ್ಲಿದ್ದೆ. ಒಳಗೆ ಗೌಂಡಿ ಬಚ್ಚಲಿನ ಹಳೆಯ ಹಾಸುಗಲ್ಲು ಎಬ್ಬಿಸುತ್ತಿದ್ದರು. ನೀನು ಕೇಳಿದ್ದೂ ಬಚ್ಚಲಿನ ಮಾತನ್ನೇ. ಕೆನಡಾದ ಒಂಟಾರಿಯೊದಲ್ಲಿ ಹಳೆಯ ಮನೆ ಕೊಂಡಿದ್ದೀರಿ, ಮಹಡಿಯ ಬಾತ್‌ರೂಮಿನ ಟೈಲ್ಸ್ ಸಡಿಲವಾಗಿವೆ, ಗುತ್ತಿಗೆದಾರ 18,000 ಡಾಲರ್ ಹೇಳಿದ್ದಾನೆ, ನಾನೇ ಮಾಡಿಕೊಳ್ಳಲೇ ಎಂದು ಕೇಳಿದ್ದೀಯ. ಅದರ ಕೆಳಗೇ ಇನ್ನೊಂದು ಸಾಲು: "ಗಂಗಾವತಿಯಲ್ಲಾದರೆ ಒಂದು ಕೂಗು ಹಾಕಿದರೆ ನಾಲ್ಕು ಜನ ಬರುತ್ತಿದ್ದರು. ಇಲ್ಲಿ ಎಲ್ಲವನ್ನೂ ಒಬ್ಬರೇ ಮಾಡಿಕೊಂಡು ಹೇಗೆ ಬದುಕುತ್ತೀರಿ ಅಕ್ಕ? ಫೋನಿನಲ್ಲಿ ಹೇಳಿದರೆ ಅಪ್ಪ, ಗೌಂಡಿ ಕೆಲಸ ಮಾಡಲೆಂದು ನಿನ್ನನ್ನು ಇಂಜಿನಿಯರಿಂಗ್ ಓದಿಸಿದೆನೇ ಎಂದರು."

ಆ ಕೊನೆಯ ಮಾತಿಗೆ ಮೊದಲು ಉತ್ತರ ಕೊಡುತ್ತೇನೆ. ನನ್ನ ಅಪ್ಪ ಗೌಂಡಿಯಾಗಿದ್ದರು. ಬೇಸಿಗೆ ರಜೆಯಲ್ಲಿ ನಾನು ಅವರಿಗೆ ಮರಳಿನ ಬುಟ್ಟಿ ಎತ್ತಿಕೊಡುತ್ತಿದ್ದೆ. ಸಿಮೆಂಟು ತಿಂದು ಅವರ ಬೆರಳುಗಳು ಒಡೆದಿರುತ್ತಿದ್ದವು, ರಾತ್ರಿ ಅವ್ವ ಕೊಬ್ಬರಿ ಎಣ್ಣೆ ಸವರುತ್ತಿದ್ದಳು. ರಸಮಟ್ಟ ಇಡುವ ಮುಂಚೆಯೇ ನೆಲ ಯಾವ ಕಡೆ ವಾಲಿದೆ ಎಂದು ಅವರು ಹೇಳಿಬಿಡುತ್ತಿದ್ದರು. ಗೌಂಡಿ ಕೆಲಸಕ್ಕೆ ತಲೆ ಬೇಡ ಎಂದುಕೊಂಡವರು ಆ ಕೆಲಸವನ್ನು ಹತ್ತಿರದಿಂದ ಕಂಡಿಲ್ಲ. ನಿನ್ನ ಅಪ್ಪನಿಗೆ ಇದನ್ನು ನಯವಾಗಿ ಹೇಳು, ಆದರೆ ಹೇಳು. ನೀನು ಮಾತ್ರ ಕೈಗವಸು ಹಾಕಿಕೊಂಡೇ ಸಿಮೆಂಟು ಮುಟ್ಟು.

ಕೆಲಸ ನೀನೇ ಮಾಡಬಹುದು. ಅಲ್ಲಿನ ನನ್ನ ಮನೆಯ ಬಾತ್‌ರೂಮನ್ನು ನಾನು ಶನಿವಾರ, ಭಾನುವಾರ ಮಾತ್ರ ಕುಳಿತು ಮೂರು ತಿಂಗಳಲ್ಲಿ ಮುಗಿಸಿದೆ. ಆದರೆ ಸುತ್ತಿಗೆ ಎತ್ತುವ ಮೊದಲು ಎರಡು ಊರಿನ ಮನೆಗಳ ನಡುವಿನ ವ್ಯತ್ಯಾಸ ನಿನ್ನ ತಲೆಯಲ್ಲಿ ಕೂರಬೇಕು. ನಮ್ಮ ಕಡೆ ಬಚ್ಚಲೆಂದರೆ ಇಡೀ ಕೋಣೆಯೇ ನೀರಿನದು. ನೆಲವೆಲ್ಲ ಮೋರಿಯ ಕಡೆಗೆ ಇಳಿಜಾರು. ಎಲ್ಲಿ ಕುಳಿತು ಸುರಿದುಕೊಂಡರೂ ನೀರು ತನ್ನ ದಾರಿ ಹಿಡಿಯುತ್ತದೆ. ಗೋಡೆ ಕಲ್ಲಿನದು. ತೇವ ಹಿಡಿದರೆ ಸುಣ್ಣ ಉದುರುತ್ತದೆ, ಹಬ್ಬಕ್ಕೆ ಮತ್ತೆ ಸುಣ್ಣ ಬಳಿಯುತ್ತೇವೆ. ನೀನೀಗ ಇರುವುದು ಮರದ ಅಸ್ಥಿಪಂಜರದ ಮನೆಯಲ್ಲಿ. ಗೋಡೆ ಎಂದು ನೀನು ಮುಟ್ಟುತ್ತಿರುವುದು ಮರದ ಪಟ್ಟಿಗಳಿಗೆ ಹೊಡೆದ ಜಿಪ್ಸಮ್ ಹಲಗೆ, ನೆಲದ ಅಡಿಯಲ್ಲಿರುವುದು ಪ್ಲೈವುಡ್. ಅಲ್ಲಿ ನೀರಿಗೆ ಜಾಗವಿರುವುದು ಟಬ್ ಅಥವಾ ಷವರ್ ಒಳಗೆ ಮಾತ್ರ. ಉಳಿದ ನೆಲಕ್ಕೆ ಸಾಮಾನ್ಯವಾಗಿ ಮೋರಿಯೇ ಇರುವುದಿಲ್ಲ.

ಇದು ನನಗೆ ತಿಳಿದದ್ದು ಅವ್ವ ಮೊದಲ ಸಲ ಅಲ್ಲಿಗೆ ಬಂದಾಗ. ಅವಳು ಟಬ್‌ನ ಹೊರಗೆ ಮಣೆ ಹಾಕಿಕೊಂಡು, ಬಕೆಟ್ಟಿನಿಂದ ಚೊಂಬಿನಲ್ಲಿ ಮೊಗೆದು ಸ್ನಾನ ಮಾಡಿದಳು, ರಾಯಚೂರಿನಲ್ಲಿ ಮಾಡುವಂತೆಯೇ. ಕೆಲವೇ ದಿನಗಳಲ್ಲಿ ಕೆಳಗಿನ ಅಡುಗೆಮನೆಯ ಸೂರಿನಲ್ಲಿ ಕಂದು ಕಲೆ ಮೂಡಿತು. ಮಗಳ ಮನೆ ಹಾಳು ಮಾಡಿದೆ ಎಂದು ಅವ್ವ ಅತ್ತುಬಿಟ್ಟಳು. ಅವಳಿಗೆ ಯಾರೂ ಹೇಳಿರಲಿಲ್ಲ, ಹೇಳಬೇಕೆಂದು ನನಗೂ ಹೊಳೆದಿರಲಿಲ್ಲ. ಗೋಡೆ ಬಿಚ್ಚಿದಾಗ ನಿಜವಾದ ಕಾರಣ ಕಂಡಿತು. ಹಿಂದಿನ ಮಾಲೀಕರು ಸಾದಾ ಜಿಪ್ಸಮ್ ಹಲಗೆಯ ಮೇಲೆಯೇ ಟೈಲ್ಸ್ ಅಂಟಿಸಿದ್ದರು. ಹಿಂದೆಲ್ಲ ಕಪ್ಪು ಬೂಷ್ಟು, ಒಂದು ಕಡೆ ಮರಕ್ಕೆ ಬೆರಳು ಇಳಿಯುವಷ್ಟು ಕೊಳೆತ. ಅದು ಬಹಳ ವರ್ಷಗಳ ನೀರು. ಅದನ್ನು ಅವ್ವನಿಗೆ ಕರೆದು ತೋರಿಸಿದೆ.

ಟೈಲ್ಸ್ ನೀರು ತಡೆಯುತ್ತವೆ ಎಂದು ನಂಬಬೇಡ. ಸಂದಿಗೆ ತುಂಬುವ ಸಿಮೆಂಟಿನ ಗ್ರೌಟ್ ನೀರು ಕುಡಿಯುತ್ತದೆ. ತಡೆಯುವುದು ಅದರ ಹಿಂದಿನ, ಕಣ್ಣಿಗೆ ಬೀಳದ ಪದರ. ಒದ್ದೆಯಾಗುವ ಗೋಡೆಗೆ ಜಿಪ್ಸಮ್ ಬೇಡ, ಸಿಮೆಂಟ್ ಹಲಗೆ ಹಾಕು. ಹಲಗೆಗಳ ಸಂದಿಗೆ ಬಲೆಯ ಪಟ್ಟಿ ಇಟ್ಟು, ಟೈಲ್ ಅಂಟಿಸುವ ಸಿಮೆಂಟಿನಿಂದಲೇ ಮುಚ್ಚು. ಅದರ ಮೇಲೆ ರಬ್ಬರಿನಂತೆ ಒಣಗುವ ಜಲನಿರೋಧಕ ಲೇಪ, ಒಂದು ಪದರ ಪೂರ್ತಿ ಒಣಗಿದ ನಂತರ ಇನ್ನೊಂದು. ಮೂಲೆಗಳಲ್ಲಿ, ಕೊಳವೆ ಹೊರಬರುವ ತೂತುಗಳ ಸುತ್ತ ಅವಸರ ಮಾಡಬೇಡ, ಸೋರುವುದು ಹೆಚ್ಚಾಗಿ ಅಲ್ಲಿಂದಲೇ. ಷವರ್ ನೆಲಕ್ಕೆ ಒಂದು ಅಡಿಗೆ ಕಾಲು ಇಂಚು ಇಳಿಜಾರು ಕೊಡು. ಟೈಲ್ಸ್ ಹಾಕುವ ಮುಂಚೆ ಮೋರಿಗೆ ಬಿರಡೆ ಹಾಕಿ ನೀರು ನಿಲ್ಲಿಸು, ಅಂಚಿನಲ್ಲಿ ಪೆನ್ಸಿಲ್ ಗುರುತು ಮಾಡು, 24 ಗಂಟೆ ಬಿಟ್ಟು ನೋಡು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸ್ಲ್ಯಾಬ್ ಹಾಕಿದ ಮರುದಿನ ಅಪ್ಪ ತಾರಸಿಯ ಮೇಲೆ ಮಡಿ ಕಟ್ಟಿ ನೀರು ನಿಲ್ಲಿಸಿ, ಬೆಳಗ್ಗೆ ಎದ್ದೊಡನೆ ಏಣಿ ಹತ್ತಿ ನೋಡುತ್ತಿದ್ದರು. ನಾನೂ ಹಾಗೆಯೇ ಬೆಳಗ್ಗೆ ಐದಕ್ಕೆ ಟಾರ್ಚ್ ಹಿಡಿದು ಹೋದೆ. ನೀರು ಗುರುತಿನಲ್ಲೇ ಇತ್ತು.

ಒಬ್ಬರೇ ಹೇಗೆ ಎಂದೆಯಲ್ಲ, ಪೂರ್ತಿ ಒಬ್ಬಳೇ ಮಾಡಲಿಲ್ಲ. ಪಕ್ಕದ ಮನೆಯ ಇಟಲಿ ಮೂಲದ ಅಜ್ಜ ಟೈಲ್ಸ್ ಕೆಲಸದಲ್ಲೇ ಬದುಕು ಕಳೆದವರು. ನಾನು ಮುರಿದ ಹಲಗೆಗಳನ್ನು ಹೊರಗಿಡುವುದನ್ನು ಕಂಡು, ಕರೆಯದೆಯೇ ಬಂದು ನೋಡಿದರು. ಮೊದಲ ಸಾಲನ್ನು ಬೆರಳ ಗಂಟಿನಿಂದ ಬಡಿದು, ಟೊಳ್ಳು ಸದ್ದು ಬಂದ ಮೂರು ಟೈಲ್ಸ್ ಕೀಳಿಸಿದರು. ನಂತರ ಟೈಲ್ಸ್ ಕತ್ತರಿಸುವ ತಮ್ಮ ನೀರುಗರಗಸವನ್ನು ನನ್ನ ಗ್ಯಾರೇಜಿನಲ್ಲಿ ಇಟ್ಟು ಹೋದರು. ಆ ಊರಿನಲ್ಲಿ ಕೂಗು ಹಾಕಿದರೆ ಯಾರೂ ಬರುವುದಿಲ್ಲ ಎಂಬುದು ಅರ್ಧ ನಿಜ. ಬಾಗಿಲು ತೆರೆದು ಕೆಲಸ ಮಾಡುವವರನ್ನು ಕಂಡರೆ ಬರುತ್ತಾರೆ.

ಕೆಲವನ್ನು ನೀನು ಮುಟ್ಟಬೇಡ. ಮನೆ 1990ಕ್ಕಿಂತ ಹಳೆಯದಾದರೆ ನೆಲದ ವಿನೈಲ್, ಗೋಡೆಯ ಗಾರೆಯಲ್ಲಿ ಕಲ್ನಾರು, ಅಂದರೆ ಶ್ವಾಸಕೋಶ ಕೆಡಿಸುವ ಆಸ್ಬೆಸ್ಟಾಸ್ ಇರಬಹುದು, ಪರೀಕ್ಷೆ ಮಾಡಿಸದೆ ಒಡೆಯಬೇಡ. ಕೊಳವೆಗಳ ಜಾಗ ಬದಲಿಸುವುದಾದರೆ ನಗರಸಭೆಯ ಪರವಾನಗಿ ಕೇಳು. ವಿದ್ಯುತ್ತಿನ ಕೆಲಸವನ್ನು ಸ್ವಂತ ಮನೆಯಲ್ಲಿ ಮಾಲೀಕರೇ ಮಾಡಬಹುದು, ಆದರೆ ವಿದ್ಯುತ್ ಸುರಕ್ಷತಾ ಪ್ರಾಧಿಕಾರಕ್ಕೆ ತಿಳಿಸಲೇಬೇಕು. ನಾನು ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ಗೆ ಕೊಟ್ಟೆ, ಆ ಹಣದ ಬಗ್ಗೆ ನನಗೆ ಬೇಸರವಿಲ್ಲ. ಹೊರಗೋಡೆಯೊಳಗೆ ನೀರಿನ ಕೊಳವೆ ಒಯ್ಯಬೇಡ, ಜನವರಿಯಲ್ಲಿ ಹೆಪ್ಪುಗಟ್ಟಿ ಒಡೆಯುತ್ತದೆ. ಹಬೆ ಎಳೆಯುವ ಫ್ಯಾನಿನ ಬಾಯಿ ಅಟ್ಟಕ್ಕಲ್ಲ, ಮನೆಯ ಹೊರಗೆ ತೆರೆಯಬೇಕು.

ಶೌಚಕ್ಕೆ ನಮ್ಮವರೆಲ್ಲ ಕೈ ಷವರ್ ಹಾಕಿಸಿಕೊಳ್ಳುತ್ತಾರೆ, ನೀನೂ ಹಾಕುತ್ತೀಯ. ಸ್ಟೀಲ್ ಹೆಣಿಗೆಯ ಪೈಪ್ ಕೊಳ್ಳು, ಬಳಸಿದ ಮೇಲೆ ಪ್ರತಿ ಸಲವೂ ಅದರ ವಾಲ್ವ್ ಮುಚ್ಚು. ಸದಾ ಒತ್ತಡದಲ್ಲಿರುವ ಪ್ಲಾಸ್ಟಿಕ್ ಪೈಪ್ ನೀನು ಆಫೀಸಿನಲ್ಲಿರುವಾಗ ಒಡೆದರೆ, ಸಂಜೆ ಬರುವ ಹೊತ್ತಿಗೆ ಕೆಳಮಹಡಿಯಲ್ಲಿ ನೀರು ನಿಂತಿರುತ್ತದೆ.

ಇನ್ನೊಂದು, ಇದನ್ನು ಯಾರೂ ನಿನಗೆ ಹೇಳುವುದಿಲ್ಲ. ಗೋಡೆ ಮುಚ್ಚುವ ಮೊದಲು ಮರದ ಪಟ್ಟಿಗಳ ನಡುವೆ ಅಡ್ಡ ಹಲಗೆಗಳನ್ನು ಗಟ್ಟಿಯಾಗಿ ಹೊಡೆದಿಡು, ಎಲ್ಲಿವೆ ಎಂದು ಫೋಟೊ ತೆಗೆದಿಡು. ಇಲ್ಲಿ ಅವ್ವನಿಗೆ ಹಿಡಿದುಕೊಳ್ಳಲು ಕಂಬಿ ಬೇಕೆಂದರೆ ಕಲ್ಲುಗೋಡೆಗೆ ಎಲ್ಲಿ ಬೇಕಾದರೂ ತೂತು ಕೊರೆಯಬಹುದು, ಇವತ್ತು ಅದನ್ನೇ ಮಾಡಿಸಿದೆ. ಅಲ್ಲಿನ ಗೋಡೆಗೆ ಹಿಂದೆ ಮರವಿಲ್ಲದಿದ್ದರೆ ಕಂಬಿ ಕೈಗೆ ಕಿತ್ತು ಬರುತ್ತದೆ. ನಿನ್ನ ಅಪ್ಪ, ಅವ್ವ ಇಂದಲ್ಲ ನಾಳೆ ಬರುತ್ತಾರೆ. ಷವರ್ ಒಳಗೆ ಮಣೆ ಇಡುವಷ್ಟು ಜಾಗ ಬಿಡು. ನೆಲಕ್ಕೆ ಹೊಳೆಯುವ ಟೈಲ್ಸ್ ಬೇಡ, ಒರಟಾದದ್ದು ಹುಡುಕು. ಅವ್ವ ಒಮ್ಮೆ ಜಾರಿದ್ದು ಹೊಸ ಹೊಳಪಿನ ಟೈಲ್ಸ್ ಮೇಲೆ, ಹಳೆಯ ಶಹಾಬಾದ್ ಕಲ್ಲಿನ ಮೇಲಲ್ಲ. ಅದಕ್ಕೇ ಕಿತ್ತ ಕಲ್ಲುಗಳನ್ನೇ ಮಟ್ಟ ಮಾಡಿ ಮತ್ತೆ ಹಾಸಿಸುತ್ತಿದ್ದೇನೆ.

ಮುಂದಿನ ತಿಂಗಳು ಹಿಂತಿರುಗುತ್ತೇನೆ. ಅಜ್ಜನ ಗರಗಸ ಈಗಲೂ ಅಲ್ಲಿನ ನನ್ನ ಗ್ಯಾರೇಜಿನಲ್ಲೇ ಇದೆ, ತರುತ್ತೇನೆ. ಅಲ್ಲಿಯವರೆಗೆ ಒಂದು ಟೈಲನ್ನೂ ಕೀಳಬೇಡ. ಮನೆ ಕಟ್ಟಿದ ವರ್ಷ, ಬಾತ್‌ರೂಮಿನ ಕೆಳಗೆ ಇರುವ ಕೋಣೆ, ನೀರಿನ ಮುಖ್ಯ ವಾಲ್ವ್ ಇರುವ ಜಾಗ, ಈ ಮೂರನ್ನು ಬರೆದು ಕಳಿಸು. ವಾಲ್ವ್ ಮುಚ್ಚುವುದನ್ನು ನಿನ್ನ ಹೆಂಡತಿಗೂ ಇವತ್ತೇ ತೋರಿಸಿಕೊಡು.