ಮೆಚ್ಚುಗೆ ಹಾಳೆ ಕೈಕೊಟ್ಟಾಗ

ದಾವಣಗೆರೆಯ ಒಂದು ಶಾಲೆಯ ಆರನೇ ತರಗತಿ ಹುಡುಗಿ. ಇಲ್ಲಿ ರೂಪಾ ಎನ್ನೋಣ. ಗುರುತು ಸಿಗದಂತೆ ಕೆಲವು ವಿವರ ಬದಲಾಯಿಸಿದ್ದೇನೆ. ಅಪ್ಪ, ಅಮ್ಮ ಇಬ್ಬರೂ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಾರೆ. ನನ್ನ ಹತ್ತಿರ ಕರೆತಂದ ತಾಯಿ ಹೇಳಿದ್ದು ಇಷ್ಟು: "ಬೆಳಿಗ್ಗೆ ಆಯ್ತಂದ್ರೆ ಹೊಟ್ಟೆನೋವು ಅಂತಾಳ್ರೀ ಮೇಡಂ. ಭಾನುವಾರ ಮಾತ್ರ ಯಾವ ನೋವೂ ಇರಲ್ಲ." ಡಾಕ್ಟರಿಗೆ ತೋರಿಸಿಯೂ ಆಗಿತ್ತು. ಏನೂ ತೊಂದರೆ ಕಂಡಿರಲಿಲ್ಲ.

ಮಾತಾಡುತ್ತಾ ಹೋದಂತೆ ಹೊಟ್ಟೆನೋವು ಶುರುವಾದ ದಿನ ಯಾವುದು ಅಂತ ಗೊತ್ತಾಯಿತು. ಅವತ್ತು ತರಗತಿಯಲ್ಲಿ ಒಂದು ಚಟುವಟಿಕೆ ಮಾಡಿಸಿದ್ದರು. ಪ್ರತಿ ಮಗುವಿನ ಬೆನ್ನಿಗೆ ಒಂದು ಹಾಳೆ. ಉಳಿದವರು ಓಡಾಡಿಕೊಂಡು ಅದರ ಮೇಲೆ ಆ ಮಗುವಿನ ಒಳ್ಳೆಯ ಗುಣ ಬರೆಯಬೇಕು. ಮಕ್ಕಳಲ್ಲಿ ಆತ್ಮವಿಶ್ವಾಸ ಬೆಳೆಸಲು ಅಂತ ಎಷ್ಟೋ ಶಾಲೆಗಳಲ್ಲಿ ಇದು ನಡೆಯುತ್ತದೆ. ಆದರೆ ಮಕ್ಕಳನ್ನು ಹಾಗೆ ಬಿಟ್ಟರೆ ಯಾರ ಹತ್ತಿರ ಹೋಗುತ್ತಾರೆ? ಗೆಳತಿಯರ ಹತ್ತಿರ, ಮಾನಿಟರ್ ಹತ್ತಿರ, ಚೆನ್ನಾಗಿ ಆಡುವವರ ಹತ್ತಿರ. ಕೆಲವರ ಹಾಳೆ ಎರಡೂ ಬದಿ ತುಂಬಿತು. ರೂಪಾಳ ಹಾಳೆಯಲ್ಲಿದ್ದದ್ದು "ಗುಡ್ ಗರ್ಲ್" ಅಂತ ಎರಡು ಸಲ. ಕೆಳಗೆ ಪೆನ್ಸಿಲ್‌ನಲ್ಲಿ ಒಂದೇ ಪದ: "ಹೊಗೆ".

ಅದು ಅವಳಿಗೆ ಮೊದಲೇ ಅಂಟಿದ್ದ ಅಡ್ಡಹೆಸರು. ಮನೆ ಭಟ್ಟಿಯ ಪಕ್ಕದಲ್ಲೇ ಇದೆ, ಒಗೆದ ಬಟ್ಟೆಗೂ ವಾಸನೆ ಹಿಡಿಯುತ್ತದೆ. "ಎಲ್ರೂ ಹಾಳೆ ಮನೆಗೆ ತಗೊಂಡೋದ್ರು. ನಾನು ಹರಿದು ಹಾಕ್ದೆ" ಅಂದಳು.

ನನ್ನ ಪ್ರಕಾರ ಈ ಚಟುವಟಿಕೆಯ ತೊಂದರೆ ಅದರ ಏರ್ಪಾಟಿನಲ್ಲೇ ಇದೆ. ಯಾರಿಗೆ ಗೆಳೆಯರು ಜಾಸ್ತಿ ಅನ್ನೋದನ್ನು ಅದು ಎಲ್ಲರ ಮುಂದೆ ಎಣಿಸಿ ತೋರಿಸುತ್ತದೆ. ಯಾವ ಮಗುವಿಗಾಗಿ ಮಾಡುತ್ತೇವೋ ಆ ಮಗುವಿಗೇ ಕಡಿಮೆ ಸಿಗುತ್ತದೆ.

ಮಗಳು ಕುಗ್ಗಿದ್ದು ನೋಡಿ ತಾಯಿ ತಮಗೆ ತಿಳಿದ ಮದ್ದು ಮಾಡಿದ್ದರು. "ನೀನೇ ಎಲ್ಲರಿಗಿಂತ ಜಾಣೆ" ಅಂತ ದಿನಾ ಹೇಳೋದು, ಕನ್ನಡಿ ಮುಂದೆ ನಿಲ್ಲಿಸಿ "ನಾನು ಚೆಂದ, ನಾನು ಜಾಣೆ" ಅಂತ ಹೇಳಿಸೋದು. ಪ್ರೀತಿಯೇನೋ ನಿಜ. ಆದರೆ 2009ರಲ್ಲಿ ಕೆನಡಾದ ಸಂಶೋಧಕರು ಹೀಗೆ ತಮ್ಮನ್ನು ತಾವೇ ಹೊಗಳಿಕೊಳ್ಳುವ ಮಾತನ್ನು ಕಾಲೇಜು ಹುಡುಗ ಹುಡುಗಿಯರಿಂದ ಹೇಳಿಸಿ ನೋಡಿದರು. ತಮ್ಮ ಬಗ್ಗೆ ಮೊದಲೇ ಕೀಳಾಗಿ ಯೋಚಿಸುತ್ತಿದ್ದವರಿಗೆ ಅದರಿಂದ ಇನ್ನೂ ಬೇಸರವಾಯಿತು. ನೆದರ್‌ಲ್ಯಾಂಡ್ಸ್‌ನಲ್ಲಿ 8ರಿಂದ 12 ವರ್ಷದ ಮಕ್ಕಳಿಂದ ಹೆಸರಾಂತ ಚಿತ್ರಕಾರ ವ್ಯಾನ್ ಗಾಗ್ ಅವರ ಒಂದು ಚಿತ್ರ ತೋರಿಸಿ, ಅದನ್ನು ನೋಡಿಕೊಂಡು ಚಿತ್ರ ಬರೆಸಿದರು. ಕೆಲವರಿಗೆ "ಚೆಂದ ಬರೆದಿದ್ದೀಯ" ಎಂದರು, ಕೆಲವರಿಗೆ "ನಂಬಲಾಗದಷ್ಟು ಚೆಂದ" ಎಂದರು. ಆಮೇಲೆ ಸುಲಭದ ಚಿತ್ರ, ಕಷ್ಟದ ಚಿತ್ರ ಎರಡನ್ನೂ ಮುಂದಿಟ್ಟರು. ತಮ್ಮ ಮೇಲೆ ನಂಬಿಕೆ ಕಡಿಮೆ ಇದ್ದ ಮಕ್ಕಳು ಅತಿ ಹೊಗಳಿಕೆ ಕೇಳಿದಾಗ ಕಷ್ಟದ್ದನ್ನು ಬಿಟ್ಟರು. ಅಷ್ಟು ಎತ್ತರ ಕೂರಿಸಿದ ಮೇಲೆ ಬಿದ್ದರೆ ಅನ್ನೋ ಹೆದರಿಕೆ ಇರುತ್ತದಲ್ವಾ?

ತಾಯಿಗೆ ಹೇಳಿದ್ದು: "ಜಾಣೆ" ಅನ್ನೋದನ್ನು ಸ್ವಲ್ಪ ದಿನ ಬಿಡಿ. ಕಣ್ಣಾರೆ ಕಂಡದ್ದನ್ನು ಹೇಳಿ. "ತಮ್ಮನಿಗೆ ಲೆಕ್ಕ ಹೇಳಿಕೊಟ್ಟೆಯಲ್ಲ, ಅವನು ಒಂದೂ ತಪ್ಪು ಮಾಡಲಿಲ್ಲ", ಇಷ್ಟು ಸಾಕು. "ನಮಗೆ ಟೈಮ್ ಎಲ್ಲಿದೆ ಮೇಡಂ" ಅಂದರು. ರೊಟ್ಟಿ ಬಡಿಯುವಾಗ ಹೇಳಿದರೂ ಆಗುತ್ತದೆ ಅಂದೆ.

ತಾಯಿಯನ್ನೂ ರೂಪಾಳನ್ನೂ ಕೇಳಿ, ಒಪ್ಪಿದ ಮೇಲೆ ಟೀಚರ್ ಜೊತೆ ಮಾತಾಡಿದೆ. ಪಾಪ, ಅವರಿಗೆ ಪೆನ್ಸಿಲ್‌ನಲ್ಲಿ ಬರೆದದ್ದು ಗೊತ್ತೇ ಇರಲಿಲ್ಲ. "ಎಲ್ಲರ ಮುಂದೆ ಕ್ಷಮೆ ಕೇಳಿಸಲಾ ಮೇಡಂ?" ಅಂದರು. ಬೇಡ ಅಂದೆ. ಆ ಪದ ಮತ್ತೊಮ್ಮೆ ಇಡೀ ತರಗತಿಯ ಬಾಯಿಗೆ ಬರುತ್ತದೆ, ಅಷ್ಟೆ. ಅವಳನ್ನು ಆ ಅಡ್ಡಹೆಸರಿನಿಂದ ಕರೆಯುವ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಮಾತಾಡಿ ಅಂದೆ. ಇನ್ನು ಚಟುವಟಿಕೆ ಬೇಕೇ ಬೇಕು ಅಂದರೆ, ಹೊಗಳುವುದರ ಬದಲು ಒಬ್ಬರಿಗೊಬ್ಬರು ಬೇಕಾಗುವಂಥದ್ದು ಮಾಡಿಸಿ ಅಂತ ಜಿಗ್ಸಾ ವಿಧಾನ ತಿಳಿಸಿದೆ.

ಇದನ್ನು ಎಲಿಯಟ್ ಅರಾನ್ಸನ್ ಎಂಬ ಮನಶ್ಶಾಸ್ತ್ರಜ್ಞರು 1971ರಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ ರೂಪಿಸಿದರು. ಕರಿಯ, ಬಿಳಿಯ, ಮೆಕ್ಸಿಕೋ ಮೂಲದ ಮಕ್ಕಳು ಆಗಷ್ಟೇ ಒಂದೇ ತರಗತಿಯಲ್ಲಿ ಕೂರಲು ಶುರುಮಾಡಿದ್ದರು, ಜಗಳ ಜೋರಾಗಿತ್ತು. ಪಾಠವನ್ನು ತುಂಡು ಮಾಡಿ ಗುಂಪಿನ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಡುತ್ತಾರೆ. ತನ್ನ ಭಾಗವನ್ನು ಆ ಮಗುವೇ ಉಳಿದವರಿಗೆ ಕಲಿಸಬೇಕು. ಬೇರೆ ದಾರಿ ಇಲ್ಲ. ಪರೀಕ್ಷೆ ಮಾತ್ರ ಪೂರ್ತಿ ಪಾಠದ ಮೇಲೆ, ಅದನ್ನು ಒಬ್ಬೊಬ್ಬರೂ ತಾವೇ ಬರೆಯಬೇಕು. ಅಲ್ಲಿನ ಮಕ್ಕಳಲ್ಲಿ ತಮ್ಮ ಬಗೆಗಿನ ಗೌರವವೂ ಹೆಚ್ಚಿತು, ಜೊತೆಯವರ ಮೇಲಿನ ಪ್ರೀತಿಯೂ ಹೆಚ್ಚಿತು.

ಟೀಚರ್ "ನಮ್ಮ ಜಿಲ್ಲೆ" ಅಂತ ವಿಷಯ ಆರಿಸಿದರು. ಐದು ತುಂಡು: ಸೂಳೆಕೆರೆ, ಹರಿಹರದ ದೇವಸ್ಥಾನ, ಹತ್ತಿ ಗಿರಣಿಗಳು, ಭದ್ರಾ ನಾಲೆ, 1997ರಲ್ಲಿ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆ ಆದದ್ದು. ಗುಂಪುಗಳನ್ನು ಟೀಚರೇ ಮಾಡಬೇಕು, ಮಕ್ಕಳಿಗೆ ಬಿಡಬಾರದು. ಒಂದೇ ತುಂಡು ಸಿಕ್ಕ ಬೇರೆ ಬೇರೆ ಗುಂಪಿನ ಮಕ್ಕಳು ಮೊದಲು ಒಟ್ಟಿಗೆ ಕೂತು ತಯಾರಾಗಬೇಕು. ಹಿಂಜರಿಯುವ ಮಗುವಿಗೆ ಈ ತಯಾರಿಯೇ ಮುಖ್ಯ. ಇದನ್ನು ಬಿಟ್ಟರೆ ಆ ಮಗುವನ್ನು ಮತ್ತೆ ಎಲ್ಲರ ಮುಂದೆ ತಡವರಿಸಲು ನಿಲ್ಲಿಸಿದಂತೆ.

"ಮಂಡಕ್ಕಿ ಬಗ್ಗೆ ಒಂದು ತುಂಡು ಸೇರಿಸಿ ರೂಪಾಳಿಗೇ ಕೊಡ್ಲಾ?" ಅಂತ ಟೀಚರ್ ಕೇಳಿದರು. ಅವಳನ್ನೇ ಕೇಳಿ ಅಂದೆ. ಅವಳು ಬೇಡ ಅಂದಳು. ಭದ್ರಾ ಚಾನೆಲ್ ತಗೊಂಡಳು.

ಮೊದಲ ಸಲ ಹಾಳೆ ನೋಡಿಕೊಂಡು ಗಡಿಬಿಡಿಯಲ್ಲಿ ಓದಿ ಮುಗಿಸಿದಳಂತೆ. ಗುಂಪಿನ ಹುಡುಗನೊಬ್ಬ "ಏ ನಿಧಾನಕ್ಕೆ ಹೇಳೇ, ಲಕ್ಕವಳ್ಳಿ ಎಲ್ಲಿದೆ? ನಾನು ಬರ್ಕೋಬೇಕು" ಅಂದ. ಅವನು ಅವಳನ್ನು ಹೊಗಳಲಿಲ್ಲ. ಅವನಿಗೆ ಉತ್ತರ ಬೇಕಿತ್ತು, ಅದು ಇವಳ ಹತ್ತಿರ ಇತ್ತು. ನನಗೆ ಈ ಘಟನೆ ಹೇಳುವಾಗ ರೂಪಾ ಆ ಹುಡುಗನ ದನಿ ಅನುಕರಿಸಿ ತೋರಿಸಿದಳು.

ಹೊಟ್ಟೆನೋವು ಪೂರ್ತಿ ಹೋಗಿಲ್ಲ, ಸೋಮವಾರ ಈಗಲೂ ಬರುತ್ತದೆ. ಅಡ್ಡಹೆಸರು ಕರೆಯುವವರು ಕಡಿಮೆಯಾಗಿದ್ದಾರೆ, ನಿಂತಿಲ್ಲ. ಟೀಚರ್ ಆ ಮಕ್ಕಳ ಜೊತೆ ಮಾತು ಮುಂದುವರಿಸಿದ್ದಾರೆ. ಒಂದು ಮಾತು: ಮಗು ನಿದ್ದೆ, ಊಟ ಬಿಟ್ಟರೆ, ಸಾಯುವ ಮಾತಾಡಿದರೆ ತರಗತಿಯ ಚಟುವಟಿಕೆ ನೆಚ್ಚಿಕೊಂಡು ಕೂರಬೇಡಿ. ಕೂಡಲೇ ಮನೋವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ದಿನದ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಬೆನ್ನಿನ ಹಾಳೆಯನ್ನು ಪೂರ್ತಿ ಬಿಡಬೇಕಾ ಅಂತ ಟೀಚರ್ ಕೇಳಿದ್ದರು. ಬಿಡಬೇಕಿಲ್ಲ. ಚೀಟಿ ಎತ್ತಿ ಒಬ್ಬರಿಗೆ ಒಬ್ಬರೇ ಬರಲಿ. ಆ ಮಗುವನ್ನು ಒಂದು ವಾರ ಗಮನಿಸಿ, ಅದು ಮಾಡಿದ ಒಂದು ಕೆಲಸ ಬರೆಯಲಿ. "ಗುಡ್ ಗರ್ಲ್" ನಡೆಯೋದಿಲ್ಲ. ಮಕ್ಕಳ ಕೈಗೆ ಕೊಡುವ ಮೊದಲು ಟೀಚರ್ ಎಲ್ಲವನ್ನೂ ಓದಲಿ, ಸರಿಯಿಲ್ಲದ್ದನ್ನು ಬರೆದವರಿಗೇ ವಾಪಸ್ ಕೊಟ್ಟು ಮತ್ತೆ ಬರೆಸಲಿ.